ವಿಚಾರವಾದಿ ಸಾಕಿದ ಬೇತಾಳ

ಕೊಡವಟಿಗಂಟಿ ಕುಟುಂಬರಾವ್ ಅಂದರೆ ತೆಲುಗರಿಗೆ ಪರಿಚಯ ಬೇಕಾಗಿಲ್ಲ. ಅಲ್ಲಿ ಅವರು ಬರೀ ಕೊ.ಕು. ನಮ್ಮ ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಈ ಹೆಸರು ಹೇಳಿದರೆ ಯಾರಪ್ಪಾ ಅದು ಅಂತ ಮುಖ ನೋಡ್ತಾರೆ. ಆದರೆ ಮರದಿಂದ ಶವ ಇಳಿಸಿ, ಹೆಗಲಿಗೇರಿಸಿಕೊಂಡು, ಬಾಯಿ ಬಿಡದೆ ಸ್ಮಶಾನದ ಕಡೆ ನಡೆಯುವ ರಾಜನ ಬಗ್ಗೆ ಕೇಳಿ ನೋಡಿ. ಮೂವತ್ತು ದಾಟಿದವರಲ್ಲಿ ಅವನನ್ನು ಅರಿಯದವರು ಸಿಗೋದು ಕಷ್ಟ. ಆ ರಾಜನನ್ನು ಸುಮಾರು ಕಾಲು ಶತಮಾನ ತಿಂಗಳು ತಿಂಗಳೂ ನಡೆಸಿದ ಸಂಪಾದಕರು ಇದೇ ಕೊ.ಕು.

ಅವರ ಬದುಕನ್ನು ಈಗ ನೆನಪಿಸಲು ಕಾರಣವಿದೆ. ಮಕ್ಕಳಿಗೆ ದೆವ್ವ, ಮಾಂತ್ರಿಕ, ಶಾಪಗ್ರಸ್ತ ಕೋಟೆಯ ಕತೆ ಓದಲು ಕೊಡಬಹುದಾ ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಹೆದರ್ತಾರೆ, ಬೇಡ ಅನ್ನೋದು ಪೋಷಕರದ್ದು. ಮೂಢನಂಬಿಕೆ ಬೆಳೆಯುತ್ತೆ, ಬೇಡ ಅನ್ನೋದು ಪ್ರಗತಿಪರರದ್ದು. ಕೊ.ಕು. ಸ್ವತಃ ವಿಚಾರವಾದಿ. ಅವರು ಮಾಡಿದ ಕೆಲಸ ಮಾತ್ರ ಈ ಎರಡೂ ಉತ್ತರಗಳಿಗೆ ಒಗ್ಗುವುದಿಲ್ಲ.

ಅವರು ಹುಟ್ಟಿದ್ದು 1909ರ ಅಕ್ಟೋಬರ್ 28ರಂದು, ಆಂಧ್ರದ ತೆನಾಲಿಯಲ್ಲಿ. ಚಿಕ್ಕಂದಿನಲ್ಲೇ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡರು. ಓದಿದ್ದು ಭೌತಶಾಸ್ತ್ರ. ಎಂ.ಎಸ್ಸಿಗೆಂದು ಬನಾರಸ್‌ಗೆ ಹೋದರು. ಅಷ್ಟರಲ್ಲಿ ಜಗತ್ತನ್ನೇ ಹಿಡಿದ ಆರ್ಥಿಕ ಕುಸಿತ ಅವರ ಮನೆಬಾಗಿಲಿಗೂ ಬಂತು. ಓದು ಅರ್ಧಕ್ಕೆ ನಿಂತಿತು. ಹೊಟ್ಟೆಪಾಡಿಗೆ ಊರೂರು ಸುತ್ತಿದರು, ಏನೇನೋ ನೌಕರಿ ಮಾಡಿದರು, ಜೊತೆಗೆ ಬರೆಯುತ್ತಲೇ ಹೋದರು. ಎಂಜಿನಿಯರಿಂಗ್ ಓದಿ ಪತ್ರಿಕೆಗೆ ಬಂದ ನನ್ನಂಥವನಿಗೆ ಈ ಭಾಗ ಓದುವಾಗ ಕಿವಿ ನೆಟ್ಟಗಾಗುತ್ತೆ. ಲ್ಯಾಬ್ ಬಿಟ್ಟು ಬಂದರೂ ಲ್ಯಾಬಿನ ಶಿಸ್ತು ಬಿಟ್ಟುಹೋಗಲ್ಲ. ಅವರ ಸಾಮಾಜಿಕ ಕಾದಂಬರಿಗಳಲ್ಲಿ ಮಧ್ಯಮ ವರ್ಗದ ಸೋಗುಗಳನ್ನೆಲ್ಲ ಬಿಚ್ಚಿ ನೋಡುವ ಕಣ್ಣು ಆ ಶಿಸ್ತಿನದೇ ಅನ್ಸುತ್ತೆ.

1947ರ ಜುಲೈನಲ್ಲಿ ಚಕ್ರಪಾಣಿ ಮತ್ತು ಬಿ. ನಾಗಿರೆಡ್ಡಿ ಮದ್ರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ ‘ಚಂದಮಾಮ’ ಶುರು ಮಾಡಿದರು. 1949ರಲ್ಲಿ ಕನ್ನಡದ್ದೂ ಬಂತು. ಚಕ್ರಪಾಣಿಯೂ ತೆನಾಲಿಯವರೇ, ಕೊ.ಕು. ಅವರ ಗೆಳೆಯ. 1952ರಲ್ಲಿ ಕೊ.ಕು. ಚಂದಮಾಮದ ಮೇಜಿಗೆ ಬಂದು ಕೂತವರು ಸಾಯುವವರೆಗೂ ಏಳಲಿಲ್ಲ. ಬಂದ ಕತೆಗಳನ್ನೆಲ್ಲ ಒಂದೇ ಸರಳ ಗದ್ಯಕ್ಕೆ ತಂದು ಬರೆದರು. ಬಹುಪಾಲು ಪುಟಗಳಲ್ಲಿ ಅವರ ಹೆಸರೇ ಇರಲಿಲ್ಲ. ಇಲ್ಲಿನ ಮಕ್ಕಳು ಕನ್ನಡದಲ್ಲಿ ಓದಿದ್ದು ಆ ತೆಲುಗು ಗದ್ಯದ ಅನುವಾದವನ್ನೇ.

1950ರ ದಶಕದ ನಡುವೆ ಬೇತಾಳ ಬಂದ. ಮೂಲ ಹಳೆಯದು. ಹನ್ನೊಂದನೇ ಶತಮಾನದ ಕಾಶ್ಮೀರದ ಸೋಮದೇವನ ಕಥಾಸರಿತ್ಸಾಗರದಲ್ಲಿ ಇರುವುದು ಇಪ್ಪತ್ತೈದೇ ಬೇತಾಳ ಕತೆ. ತಿಂಗಳಿಗೊಂದರಂತೆ ಎರಡು ವರ್ಷಕ್ಕೆ ಮುಗಿದುಹೋಗಬೇಕಿತ್ತು. ಮುಗಿಯಲಿಲ್ಲ. ಬೇರೆ ಬೇರೆ ಕತೆ ತಂದು, ಕೊನೆಗೊಂದು ಪ್ರಶ್ನೆ ಹುಟ್ಟುವ ಹಾಗೆ ತಿದ್ದಿ, ಅದೇ ಚೌಕಟ್ಟಿಗೆ ಕೂರಿಸಿದರು. ಬೇತಾಳ ದಶಕಗಳ ಕಾಲ ಮರಕ್ಕೆ ಹಾರುತ್ತಲೇ ಇದ್ದ.

ಆ ಚೌಕಟ್ಟನ್ನು ಸ್ವಲ್ಪ ಬಿಚ್ಚಿ ನೋಡಿ. ಕತ್ತಲೆ, ಶವ, ಸ್ಮಶಾನ ಎಲ್ಲ ಇದೆ. ಆದರೆ ಬೇತಾಳ ಕಚ್ಚಲ್ಲ, ರಕ್ತ ಹೀರಲ್ಲ. ಕತೆ ಹೇಳಿ ಒಂದು ನ್ಯಾಯದ ಪ್ರಶ್ನೆ ಕೇಳ್ತಾನೆ. ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯುತ್ತೆ, ಹೇಳಿದರೆ ಮೌನ ಮುರಿದು ಅಷ್ಟೂ ಶ್ರಮ ನೀರುಪಾಲು. ಅಂದರೆ ಭಯಕ್ಕೆ ಇಲ್ಲಿ ಒಂದು ನಿಯಮ ಇದೆ. ಯಾರು ತಪ್ಪು, ಯಾರು ಸರಿ ಅಂತ ಹತ್ತು ವರ್ಷದ ಮಗು ರಾಜನಿಗಿಂತ ಮೊದಲೇ ತೀರ್ಮಾನಿಸಲು ಹೊರಡುತ್ತೆ. ಶಾಲೆಯಲ್ಲಿ ಅದಕ್ಕೆ ಉತ್ತರ ಹೇಳಿಕೊಡ್ತಾರೆ, ಇಲ್ಲಿ ಅದೇ ಹುಡುಕಬೇಕು. ಸೋಲು ಖಚಿತ ಅಂತ ಗೊತ್ತಿದ್ದೂ ರಾಜ ಮುಂದಿನ ತಿಂಗಳು ಮತ್ತೆ ಮರ ಹತ್ತುತ್ತಾನೆ.

ಎಂಟರಿಂದ ಹನ್ನೆರಡರ ವಯಸ್ಸಿಗೆ ಇಂಥ ಕತೆ ಹಿಡಿಸೋದು ಇದಕ್ಕೇ. ಆ ವಯಸ್ಸಿಗೆ ಸಾವು, ಅನ್ಯಾಯ, ದೊಡ್ಡವರ ಸುಳ್ಳು ಎಲ್ಲ ಅಷ್ಟಿಷ್ಟು ತಿಳಿಯುತ್ತೆ, ಕೇಳೋಕೆ ಮಾತ್ರ ಬಾಯಿ ಬರಲ್ಲ. ಕತೆಯ ದೆವ್ವ ಆ ಭಯಕ್ಕೊಂದು ಮುಖ ಕೊಡುತ್ತೆ. ಪುಸ್ತಕ ಮುಚ್ಚಿದರೆ ಅದೂ ಮುಚ್ಚಿಕೊಳ್ಳುತ್ತೆ.

ನಮ್ಮ ಕರಾವಳಿಯ ಮಗುವಿಗೆ ಇದು ಹೊಸದೇನಲ್ಲ. ಚೌಡಿ ಬನ, ಮಾಸ್ತಿಕಟ್ಟೆ ದಾಟಿಯೇ ಅದು ಶಾಲೆಗೆ ಹೋಗೋದು. ಆಟದ ರಾತ್ರಿ ನಿದ್ದೆ ತೂಗುವ ಮಕ್ಕಳು ಬಣ್ಣದ ವೇಷದ ಅಬ್ಬರಕ್ಕೆ ಬೆಚ್ಚಿ ಎದ್ದು, ಅಮ್ಮನ ಸೆರಗು ಹಿಡಿದು, ಬೆರಳ ಸಂದಿಯಿಂದ ನೋಡೋದುಂಟು. ಮಳೆಗಾಲದಲ್ಲಿ ಕರೆಂಟು ಹೋದ ಮನೆಯಲ್ಲಿ ಚಂದಮಾಮ ಸಲೀಸಾಗಿ ಒಳಬಂದದ್ದು ಈ ಕಾರಣಕ್ಕೇ.

ಬೇತಾಳನ ಪಕ್ಕದಲ್ಲೇ ಧಾರಾವಾಹಿಗಳಿದ್ದವು. 1954ರ ‘ತೋಕಚುಕ್ಕ’ದಿಂದ ಶುರುವಾಗಿ ಮಾಂತ್ರಿಕರು, ಪಾತಾಳದುರ್ಗ, ಪಾಳುಗುಡಿಗಳ ಕಾದಂಬರಿಗಳನ್ನು ಬರೆದವರು ಅವರ ಸಹೋದ್ಯೋಗಿ ದಾಸರಿ ಸುಬ್ರಹ್ಮಣ್ಯಂ. ಒಮ್ಮೆ ಚಕ್ರಪಾಣಿಯವರಿಗೆ ಈ ಮಾಯಾಮಂತ್ರ ಸಾಕೆನಿಸಿ, ಅದರ ಜಾಗದಲ್ಲಿ ಬಂಕಿಮಚಂದ್ರರ ಕಾದಂಬರಿ ಹಾಕಿಸಿದರಂತೆ. ಪ್ರಸಾರ ಇಳಿಯಿತಂತೆ, ಮಾಂತ್ರಿಕರು ವಾಪಸ್ ಬಂದರಂತೆ. ಆ ಪತ್ರಿಕೆಯ ಬಳಗದವರು ಹೇಳಿಕೊಂಡು ಬಂದ ಕತೆ ಇದು. ಮಕ್ಕಳು ಮತ ಹಾಕಿದ್ದು ಯಾರಿಗೆ ಅಂತ ಬೇರೆ ಹೇಳಬೇಕಿಲ್ಲ.

ಕೊ.ಕು. ಇನ್ನೊಂದು ಕಡೆ ಎಡಪಂಥದವರು. 1970ರಲ್ಲಿ ಹುಟ್ಟಿದ ವಿಪ್ಲವ ರಚಯಿತಲ ಸಂಘ, ಅಂದರೆ ತೆಲುಗಿನ ಕ್ರಾಂತಿಕಾರಿ ಲೇಖಕರ ಸಂಘದ ಜೊತೆ ಗುರುತಿಸಿಕೊಂಡಿದ್ದರು. ದೊಡ್ಡವರಿಗೆ ವರ್ಗ, ಶೋಷಣೆಯ ಬಗ್ಗೆ ಬರೆದ ಅದೇ ಕೈ ಮಕ್ಕಳಿಗೆ ರಾಜ, ರಾಕ್ಷಸರ ಕತೆ ತಿದ್ದುತ್ತಿತ್ತು. ಇದರಲ್ಲಿ ನನಗೆ ವಿರೋಧಾಭಾಸ ಕಾಣಲ್ಲ. ಭಯವನ್ನು ಮಾರುವವನು ಬೇರೆ, ಭಯವನ್ನು ಕತೆಯೆಂದೇ ಹೇಳುವವನು ಬೇರೆ. ಮಾಟದ ಹೆಸರಲ್ಲಿ ಸುಲಿಯುವವರಿಗೆ 2017ರ ನಮ್ಮ ರಾಜ್ಯದ ಕಾಯ್ದೆ ಇದೆ, ಇರಲೇಬೇಕು. ಆದರೆ ಬೇತಾಳನಿಗೆ ಎದುರು ಮಾತಾಡಿ ಬೆಳೆದ ಮಗು ನಾಳೆ ಮಂತ್ರವಾದಿಯ ಎದುರು ಕೂತಾಗಲೂ ಪ್ರಶ್ನೆ ಕೇಳುವ ಸಾಧ್ಯತೆ ಹೆಚ್ಚು ಅಂತ ನನ್ನ ಅಂದಾಜು.

1980ರ ಆಗಸ್ಟ್ 17ರಂದು ಕೊ.ಕು. ತೀರಿಕೊಂಡರು. ಪತ್ರಿಕೆ ಮತ್ತೂ ಮೂರು ದಶಕ ಎಳೆಯಿತು. 2007ರಲ್ಲಿ ಮುಂಬಯಿಯ ಸಾಫ್ಟ್‌ವೇರ್ ಕಂಪನಿಯೊಂದರ ಕೈಗೆ ಹೋಯ್ತು. ಕೆಲವೇ ವರ್ಷಗಳಲ್ಲಿ ಅಚ್ಚು ನಿಂತಿತು.

ನಿಂತ ಜಾಗ ಖಾಲಿಯೇ ಉಳಿದಿದೆ. ಭಟ್ಕಳದ ಐದನೇ ಕ್ಲಾಸಿನ ಮಗುವಿಗೆ ಹೆದರಿಕೆಯ ಹಂಬಲವೇನೂ ಕಮ್ಮಿಯಾಗಿಲ್ಲ. ಇಂಗ್ಲಿಷ್ ಬಂದರೆ ಆರ್.ಎಲ್. ಸ್ಟೈನ್‌ನ ಗೂಸ್‌ಬಂಪ್ಸ್ ಇದೆ, ನೀಲ್ ಗೈಮನ್‌ನ ಕೊರಲೈನ್ ಇದೆ. ಕನ್ನಡ ಮಾತ್ರ ಬಂದರೆ ಮೊಬೈಲಿನ ಒಂದು ನಿಮಿಷದ ದೆವ್ವದ ವಿಡಿಯೊ. ಅಲ್ಲಿ ಕಿರುಚಾಟ ಇದೆ, ಪ್ರಶ್ನೆ ಇಲ್ಲ. ನಮ್ಮ ಮಕ್ಕಳ ಪುಸ್ತಕಗಳ ಕಪಾಟಿನಲ್ಲಿ ನೀತಿ ಉಂಟು, ಪರಿಸರ ಉಂಟು, ಮಹಾಪುರುಷರು ಉಂಟು. ರಾತ್ರಿಯೇ ಇಲ್ಲ.

ಸಾಮಗ್ರಿಗೆ ಬರವಿಲ್ಲ. ಕುಮಟಾದ ಹತ್ತಿರ ಮಿರ್ಜಾನ್ ಕೋಟೆಯಿದೆ, ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯಿದೆ, ಮುರ್ಡೇಶ್ವರದಾಚೆ ಸಮುದ್ರದ ನಡುವೆ ನೇತ್ರಾಣಿ ಇದೆ. ಇಲ್ಲದಿರುವುದು, ಮಕ್ಕಳ ಭಯವನ್ನು ಗಂಭೀರವಾಗಿ ತಗೊಂಡು ಮೂವತ್ತು ವರ್ಷ ಒಂದೇ ಮೇಜಿಗೆ ಕೂರಬಲ್ಲ ಕೊ.ಕು. ಅಂಥವರು.