ಬಾರ್ನಾಕ್‌ನ ಪುಟ್ಟ ಪೆಟ್ಟಿಗೆ ಮತ್ತು ಅದರ ಮೇಲಿನ ನಂಬರು

2022ರ ಜೂನ್‌ನಲ್ಲಿ ಜರ್ಮನಿಯ ವೆಟ್ಸ್‌ಲರ್ ಪಟ್ಟಣದಲ್ಲಿ ಅಂಗೈಯಲ್ಲಿ ಹಿಡಿಯುವಂಥ ಒಂದು ಹಳೇ ಕ್ಯಾಮೆರಾ 1.44 ಕೋಟಿ ಯೂರೋಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಅದರ ನಂಬರು 105. ಅದನ್ನು ಬಳಸುತ್ತಿದ್ದವನು ಲೈಕಾ ಕ್ಯಾಮೆರಾವನ್ನು ರೂಪಿಸಿದ ಓಸ್ಕರ್ ಬಾರ್ನಾಕ್. ಆತ ಕಂಪನಿಯ ಮಾಲೀಕನಲ್ಲ, ಸಂಬಳಕ್ಕೆ ದುಡಿದ ಮೆಕ್ಯಾನಿಕ್.

ಕೇರಳದ ಗಡಿಗೆ ತಾಗಿದ ಮಂಡೆಕೋಲಿನಲ್ಲಿ ಕೂತು ಹಳೇ ಫಿಲ್ಮ್ ಕ್ಯಾಮೆರಾ ಕೂಡಿಡುವ ನನಗೆ ಆ ಬೆಲೆ ಬರೀ ಸುದ್ದಿ. ನಂಬರು ಮಾತ್ರ ಹಾಗಲ್ಲ.

ಬಾರ್ನಾಕ್ ಹುಟ್ಟಿದ್ದು 1879ರ ನವೆಂಬರ್ 1ರಂದು, ಬ್ರಾಂಡೆನ್‌ಬರ್ಗ್ ಪ್ರಾಂತ್ಯದ ಲೈನೋ ಎಂಬ ಹಳ್ಳಿಯಲ್ಲಿ. ಯಂತ್ರದ ಕೆಲಸ ಕಲಿತು, 1902ರಲ್ಲಿ ಯೇನಾದ ಝೈಸ್ ಕಂಪನಿ ಸೇರಿದ. ರಜೆ ಸಿಕ್ಕಿದರೆ ಕಾಡು ಸುತ್ತುವುದು, ಫೋಟೋ ತೆಗೆಯುವುದು ಆತನ ಹುಚ್ಚು. ಆದರೆ ಆತನಿಗೆ ಉಬ್ಬಸ. ಆ ಕಾಲದ ಕ್ಯಾಮೆರಾ ಎಂದರೆ ಮರದ ಪೆಟ್ಟಿಗೆ, ಗಾಜಿನ ಪ್ಲೇಟು, ಮುಕ್ಕಾಲಿ ಎಲ್ಲಾ ಸೇರಿ ಒಂದು ಹೊರೆ. ಪೂಮಲೆ ಕಾಡಿನ ಏರು ಹತ್ತಿದವರಿಗೆ ಗೊತ್ತು, ಉಸಿರು ಕಟ್ಟುವಾಗ ಹೆಗಲ ಮೇಲಿನ ಒಂದು ಕಿಲೋ ಕೂಡ ಹತ್ತಾಗುತ್ತದೆ. ಕ್ಯಾಮೆರಾ ಸಣ್ಣದಾಗಬೇಕು ಅನ್ನುವ ಯೋಚನೆ ಆತನಿಗೆ ಹತ್ತಿದ್ದು ಹೀಗೆ.

1911ರಲ್ಲಿ ಆತ ವೆಟ್ಸ್‌ಲರ್‌ನ ಲೈಟ್ಸ್ ಕಾರ್ಖಾನೆಗೆ ಬಂದ. ಅದು ಮೈಕ್ರೋಸ್ಕೋಪ್ ಮಾಡುವ ಜಾಗ. ಅಲ್ಲಿ ಸಿನಿಮಾದ 35 ಮಿಲಿಮೀಟರ್ ಫಿಲ್ಮನ್ನೇ ಅಡ್ಡ ಹಾಯಿಸಿ, ಸಿನಿಮಾದ ಎರಡು ಚೌಕಟ್ಟು ಸೇರಿಸಿ 24×36 ಮಿಲಿಮೀಟರಿನ ಒಂದು ಚಿತ್ರ ಮಾಡಿದ. ಪುಟ್ಟ ನೆಗೆಟಿವ್, ದೊಡ್ಡ ಪ್ರಿಂಟು: ಇಷ್ಟೇ ಉಪಾಯ. 1914ರ ಹೊತ್ತಿಗೆ ಮಾದರಿ ಸಿದ್ಧವಾಗಿತ್ತು. ಅಷ್ಟರಲ್ಲಿ ಮಹಾಯುದ್ಧ ಬಂತು, ಕೆಲಸ ವರ್ಷಗಟ್ಟಲೆ ನಿಂತಿತು. 1923ರಲ್ಲಿ ಪರೀಕ್ಷೆಗೆಂದು ಇಪ್ಪತ್ತು ಚಿಲ್ಲರೆ ಕ್ಯಾಮೆರಾ ಮಾಡಿದರು. 105 ಅವುಗಳಲ್ಲೊಂದು. ಜರ್ಮನಿಯ ಹಣ ಕಾಗದದ ಚೂರಾಗಿದ್ದ ವರ್ಷ ಅದು. ಆದರೂ ಮರುವರ್ಷ ಮಾಲೀಕ ಎರ್ನ್ಸ್ಟ್ ಲೈಟ್ಸ್ ಧೈರ್ಯ ಮಾಡಿದ. 1925ರ ವಸಂತದಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಜನರೆದುರು ಬಂತು.

1936ರ ಜನವರಿ 16ರಂದು, 56ನೇ ವಯಸ್ಸಿನಲ್ಲಿ ಬಾರ್ನಾಕ್ ತೀರಿಕೊಂಡ. ನೂರು ಚಿಲ್ಲರೆಯಿಂದ ಹೊರಟ ನಂಬರು ಆ ಹೊತ್ತಿಗೆ ಒಂದೂವರೆ ಲಕ್ಷ ದಾಟಿತ್ತು.

ಇಲ್ಲಿಂದ ನಮ್ಮಂಥ ಸಂಗ್ರಾಹಕರ ಲೆಕ್ಕ ಶುರು. ಕಂಪನಿಯ ದಾಖಲೆ ಇಲ್ಲದ ಕಡೆ, ಎಷ್ಟು ಕ್ಯಾಮೆರಾ ತಯಾರಾದವು ಅಂತ ನಂಬರು ನೋಡಿ ಹೇಳಬಹುದಾ? ಹೇಳಬಹುದು. ರಾತ್ರಿ ಗದ್ದೆಯಲ್ಲಿ ಯಕ್ಷಗಾನ ಆಯಿತು ಅನ್ನಿ. ಬೆಳಿಗ್ಗೆ ಅಲ್ಲಿ ನಾಲ್ಕು ಟಿಕೆಟ್ ಬಿದ್ದಿವೆ: 12, 27, 41, 60. ಒಂದರಿಂದ ಸಾಲಾಗಿ ನಂಬರು ಹಾಕಿದ್ದರೆ, ಎಷ್ಟು ಟಿಕೆಟ್ ಹರಿದಿರಬೇಕು? ದೊಡ್ಡ ನಂಬರು 60. ಅದನ್ನು ಸಿಕ್ಕಿದ ಟಿಕೆಟುಗಳ ಸಂಖ್ಯೆಯಿಂದ ಭಾಗಿಸಿದರೆ 15. ಎರಡನ್ನೂ ಕೂಡಿಸಿ ಒಂದು ಕಳೆದರೆ 74. ಸಿಕ್ಕಿದವುಗಳ ನಡುವೆ ಇರುವಷ್ಟೇ ಅಂತರ ಕೊನೆಯದರ ಆಚೆಗೂ ಇದ್ದೀತು ಅನ್ನುವುದೇ ಇದರ ತರ್ಕ.

ಎರಡನೇ ಮಹಾಯುದ್ಧದಲ್ಲಿ ಇದೇ ತರ್ಕ ಜರ್ಮನ್ ಟ್ಯಾಂಕುಗಳ ಮೇಲೆ ನಡೆಯಿತು. 1940ರ ಜೂನ್‌ನಿಂದ 1942ರ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಸುಮಾರು 1,400 ಟ್ಯಾಂಕ್ ತಯಾರಾಗುತ್ತಿವೆ ಎಂದು ಗೂಢಚಾರರ ಅಂದಾಜಿತ್ತು. ಸೆರೆ ಸಿಕ್ಕ ಟ್ಯಾಂಕುಗಳ ನಂಬರು ನೋಡಿದ ಲೆಕ್ಕಿಗರು 246 ಅಂದರು. ಯುದ್ಧ ಮುಗಿದ ಮೇಲೆ ಸಿಕ್ಕ ದಾಖಲೆಯಲ್ಲಿ ಇದ್ದದ್ದು 245.

ಕ್ಯಾಮೆರಾದಲ್ಲಿ ಮಾತ್ರ ದಾರಿ ಇಷ್ಟು ನೇರವಿಲ್ಲ. ಲೈಕಾ ನಂಬರು ಒಂದರಿಂದ ಶುರುವಾಗಲೇ ಇಲ್ಲ, ಆರಂಭದ ನೂರನ್ನು ಕಳೆಯಬೇಕು. ಒಂದು ಮಾದರಿಗೆಂದು ನಂಬರಿನ ಕಂತೆ ಮೊದಲೇ ತೆಗೆದಿಟ್ಟು ಅಷ್ಟನ್ನೂ ತಯಾರಿಸದಿದ್ದರೆ ಲೆಕ್ಕ ಉಬ್ಬುತ್ತದೆ. ಹಳೇ ಲೈಕಾವನ್ನು ಕಾರ್ಖಾನೆಗೆ ಕಳಿಸಿದರೆ ಹೊಸ ಮಾದರಿಗೆ ಬದಲಿಸಿ, ಹಳೇ ನಂಬರನ್ನೇ ಉಳಿಸಿ ಕೊಡುತ್ತಿದ್ದರು. ಹಾಗಾಗಿ ದೇಹ ಮೂವತ್ತರ ದಶಕದ್ದು, ನಂಬರು ಇಪ್ಪತ್ತರದ್ದು. ಇನ್ನು ನಕಲಿಗಳು. 1934ರಿಂದ ಖಾರ್ಕಿವ್‌ನಲ್ಲಿ ಲೈಕಾ ನೋಡಿಯೇ ಫೆಡ್ ಕ್ಯಾಮೆರಾ ಮಾಡಿದರು. ಆಮೇಲೆ ಯಾರ್ಯಾರೋ ಅದರ ಹೆಸರು ಕೆರೆದು ಲೈಕಾ ಎಂದು ಕೊರೆದು ಮಾರಿದರು. ಅಂಥದರ ಮೇಲಿನ ನಂಬರು ನಮ್ಮ ಪಟ್ಟಿಗೆ ಬಂದರೆ ಅಂದಾಜೇ ಕೆಟ್ಟಿತು.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ. ಈ ಲೆಕ್ಕಕ್ಕೆ ಎಲ್ಲೆಂದರಲ್ಲಿ ಸಿಕ್ಕಿದ ನಂಬರು ಬೇಕು, ಆರಿಸಿದ್ದಲ್ಲ. ಹರಾಜಿನ ಪಟ್ಟಿಯಲ್ಲಿ ಬರುವುದು ಅಪರೂಪದ್ದು, ಹೊಳೆಯುವುದು, ಸಣ್ಣ ನಂಬರಿನದ್ದು. ಮಾಮೂಲಿ ಕ್ಯಾಮೆರಾ ಅಲ್ಲಿಗೆ ತಲುಪುವುದೇ ಇಲ್ಲ. ನಮ್ಮ ಕಡೆ ನಾಲ್ಕು ತಿಂಗಳ ಮಳೆಗೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ, ಶಟರಿನ ಬಟ್ಟೆ ಕುಂಬಾಗುತ್ತದೆ. ಡಿಜಿಟಲ್ ಬಂದ ಮೇಲೆ ಫಿಲ್ಮ್ ಕ್ಯಾಮೆರಾ ಅಟ್ಟ ಸೇರಿತು, ಅಟ್ಟದಿಂದ ಗುಜರಿಗೆ ಹೋಯಿತು. ಒಂದೊಂದರ ಜೊತೆಗೆ ಒಂದೊಂದು ಸಾಕ್ಷಿಯೂ ಹೋಯಿತು. ಬೆಲೆ ಬಾಳುವುದನ್ನಷ್ಟೇ ಉಳಿಸಿಕೊಂಡರೆ, ಉಳಿಯುವ ಚರಿತ್ರೆ ದುಡ್ಡಿದ್ದವರ ಕಪಾಟಿನದ್ದು ಮಾತ್ರ.

ಬಾರ್ನಾಕ್ ಆ ಪೆಟ್ಟಿಗೆ ಮಾಡಿದ್ದು ಕಪಾಟಿಗಲ್ಲ. ಹೊರೆ ಹೊರಲಾರದವನೂ ಫೋಟೋ ತೆಗೆಯಲಿ ಎಂದು. ಆ ಆಸೆ ಎಷ್ಟು ಕೈಗಳಿಗೆ ತಲುಪಿತು ಅನ್ನುವುದನ್ನು ನೂರು ಕೋಟಿಯ 105 ಹೇಳುವುದಿಲ್ಲ. ಅದನ್ನು ಹೇಳುವುದು ಮೂಲೆಯಲ್ಲಿ ಬಿದ್ದ, ಲಿವರ್ ಮುರಿದ, ಯಾರೂ ಕೇಳದ ಕ್ಯಾಮೆರಾ. ಹಾಗಾಗಿ ನನ್ನದೊಂದು ಸಣ್ಣ ಕೋರಿಕೆ. ನಿಮ್ಮ ಮನೆಯ ಹಳೇ ಕ್ಯಾಮೆರಾ ಯಾವ ಕಂಪನಿಯದ್ದೇ ಇರಲಿ, ಗುಜರಿಯವನ ತಕ್ಕಡಿಗೆ ಹಾಕುವ ಮೊದಲು ಒಮ್ಮೆ ಒರೆಸಿ, ಮೇಲೆಯೋ ಅಡಿಯಲ್ಲೋ ಇರುವ ನಂಬರನ್ನು ಬರೆದಿಟ್ಟುಕೊಳ್ಳಿ. ಯಾವ ಊರಲ್ಲಿ, ಯಾವ ವರ್ಷ ಕೊಂಡದ್ದು ಅಂತ ಮನೆಯ ಹಿರಿಯರಿಗೆ ನೆನಪಿದ್ದರೆ ಅದನ್ನೂ ಪಕ್ಕದಲ್ಲಿ ಸೇರಿಸಿ.