ವಿಶ್ವೇಶ್ವರಯ್ಯನವರ ಮೋಟಾರು

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರೆತ್ತಿದೊಡನೆ ಕನ್ನಂಬಾಡಿ ಕಟ್ಟೆ ಕಣ್ಣಮುಂದೆ ಬರುತ್ತದೆ. ಆ ಕಟ್ಟೆಯ ಹನಿ ನೀರೂ ಹರಿದು ಬಾರದ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲುಸೀಮೆಯಲ್ಲಿಯೂ ಜನ ಅವರನ್ನು ಬಲ್ಲದ್ದು ಅದರ ಮೂಲಕವೇ. ಆದರೆ ಅವರ ಬಾಳಿನ ಇನ್ನೊಂದು ದೊಡ್ಡ ಹಂಬಲ ನಮ್ಮೂರುಗಳ ಹಾದಿಯಲ್ಲಿ ಬಹುಕಾಲ ಓಡಾಡಿಕೊಂಡಿತ್ತು. ಅದರ ಮೈಮೇಲೆ ಅವರ ಹೆಸರಾಗಲಿ, ಮೈಸೂರಿನ ಹೆಸರಾಗಲಿ ಇರಲಿಲ್ಲ. ನಾವು ಅದನ್ನು ಫಿಯೆಟ್ ಎಂದು ಕರೆದೆವು. ಆ ಪುಟ್ಟ ಕಾರಿನ ಹೆಸರುಗಳ ಕಥೆಯನ್ನೂ ಆ ಹಿರಿಯರ ಜೀವನವನ್ನೂ ಬೇರೆಬೇರೆಯಾಗಿ ಹೇಳಿದರೆ ಎರಡೂ ಅರೆಯಾಗಿಯೇ ಉಳಿಯುತ್ತವೆಂದು ನನ್ನ ಎಣಿಕೆ.

ಅವರ ಪೂರ್ವಚರಿತ್ರೆ ಶಾಲೆಯ ಮಕ್ಕಳಿಗೂ ಕಂಠಪಾಠವಾದುದು. 1861ರಲ್ಲಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನನ. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ವ್ಯಾಸಂಗ. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ, ಪುಣೆಯಲ್ಲಿ ಎಂಜಿನಿಯರಿಂಗ್ ಶಿಕ್ಷಣ, ಮುಂಬಯಿ ಸರ್ಕಾರದಲ್ಲಿ ನೌಕರಿ. ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಕೀರ್ತಿ ತಂದವು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಬಂದು, 1912ರಿಂದ 1918ರವರೆಗೆ ದಿವಾನಗಿರಿ ನಡೆಸಿದರು. ಬ್ಯಾಂಕು, ವಿಶ್ವವಿದ್ಯಾನಿಲಯ, ಸಾಹಿತ್ಯ ಪರಿಷತ್ತು ಎಲ್ಲವೂ ಆ ಆರು ವರ್ಷಗಳಲ್ಲಿಯೇ ಹುಟ್ಟಿದವು. ಸಾಮಾನ್ಯ ಮನುಷ್ಯನಿಗೆ ಇಷ್ಟು ಸಾಕಾಗಿ ಮಿಕ್ಕುತ್ತಿತ್ತು.

ನಾನು ಹೇಳಹೊರಟಿರುವುದು ಅವರಿಗೆ ಎಪ್ಪತ್ತು ದಾಟಿದ ಮೇಲಿನ ಮಾತು. 1934ರಲ್ಲಿ ಭಾರತದ ಯೋಜಿತ ಆರ್ಥಿಕ ವ್ಯವಸ್ಥೆಯನ್ನು ಕುರಿತು ಅವರ ಗ್ರಂಥ ಹೊರಬಂದಿತು. ಮರುವರ್ಷವೇ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಮೋಟಾರು ತಯಾರಿಕೆಯ ಗುಟ್ಟನ್ನು ಕಣ್ಣಾರೆ ಕಾಣಲು ಯೂರೋಪು, ಅಮೆರಿಕಗಳಿಗೆ ಹೊರಟರು. ಆಗ ದೇಶದಲ್ಲಿ ಓಡುತ್ತಿದ್ದ ಕಾರು, ಲಾರಿಗಳೆಲ್ಲವೂ ಹೊರನಾಡಿನವು. ಇಲ್ಲಿ ನಡೆಯುತ್ತಿದ್ದುದು ಪೆಟ್ಟಿಗೆಗಳಲ್ಲಿ ಬಂದಿಳಿದ ಬಿಡಿಭಾಗಗಳನ್ನು ಜೋಡಿಸುವ ಕೆಲಸ ಮಾತ್ರ. ವಿಶ್ವೇಶ್ವರಯ್ಯನವರಿಗೆ ಬೇಕಾಗಿದ್ದುದು ಜೋಡಣೆಯಲ್ಲ, ತಯಾರಿಕೆ. ಮೋಟಾರು ಕಾರ್ಖಾನೆಯೊಂದು ನಿಂತರೆ ಅದರ ಸುತ್ತ ಉಕ್ಕು, ರಬ್ಬರು, ಗಾಜು, ಬಣ್ಣಗಳ ನೂರು ಕಸುಬುಗಳು ತಲೆಯೆತ್ತುತ್ತವೆ ಎಂಬುದು ಅವರ ಲೆಕ್ಕಾಚಾರ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಡೆಸಿದ್ದವರಿಗೆ ಈ ಲೆಕ್ಕ ಬಾಯಿಮಾತಿನದಾಗಿರಲಿಲ್ಲ.

ಯೋಜನೆ ಸಿದ್ಧವಾಯಿತು, ಬಂಡವಾಳಕ್ಕಾಗಿ, ಸರ್ಕಾರದ ಭರವಸೆಗಾಗಿ ಅಲೆದಾಟ ಶುರುವಾಯಿತು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಹೆಗಲು ಕೊಟ್ಟರು. ಅಮೆರಿಕದ ಬೇರೆ ಕಂಪನಿಗಳೊಡನೆ ಮಾತುಕತೆ ಮುರಿದ ಮೇಲೆ 1940ರಲ್ಲಿ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದವಾಯಿತು. ಸರ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರವೂ ಕೈಜೋಡಿಸಲು ಮುಂದಾಗಿತ್ತು. ಆದರೆ ಯುದ್ಧಕಾಲದ ಬ್ರಿಟಿಷ್ ಸರ್ಕಾರ ಇದು ಯುದ್ಧಕ್ಕೆ ಅಗತ್ಯವಾದ ಉದ್ಯಮವಲ್ಲವೆಂದು ತಳ್ಳಿಹಾಕಿತು, ಮೈಸೂರು ಹಿಂದೆಗೆಯಬೇಕಾಯಿತು. ವಿಚಿತ್ರವೆಂದರೆ, ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ವಾಲ್‌ಚಂದರು ಅದೇ ಮೈಸೂರು ಸರ್ಕಾರದೊಡನೆ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಬಾನಿನಲ್ಲಿ ಹಾರುವುದು ನಮಗೆ ದಕ್ಕಿತು, ನೆಲದ ಮೇಲೆ ಓಡುವುದು ದಕ್ಕಲಿಲ್ಲ. ಮೋಟಾರು ಕಾರ್ಖಾನೆ ಅಂದು ಬೆಂಗಳೂರಿಗೆ ಬಂದಿದ್ದರೆ ತುಮಕೂರಿನಿಂದ ಪಾವಗಡದವರೆಗಿನ ಒಣಭೂಮಿಯ ಎಷ್ಟು ಮಂದಿ ಯುವಕರಿಗೆ ಅದು ಅನ್ನದ ದಾರಿಯಾಗುತ್ತಿತ್ತೋ ಎಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ.

ಕೊನೆಗೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ, 1947ರಲ್ಲಿ ಕುರ್ಲಾದ ಕಾರ್ಖಾನೆಯಿಂದ ಮೊದಲ ವಾಹನಗಳು ಹೊರಬಂದವು. ವಿಶ್ವೇಶ್ವರಯ್ಯನವರು ಅದರ ಒಡೆಯರಲ್ಲ. ಬೀಜ ಮಾತ್ರ ಅವರದು. ಹೆಸರುಗಳ ಆಟ ಅಲ್ಲಿಂದಲೇ ಮೊದಲು. ಒಂದೇ ಲಾರಿಗೆ ಡಾಡ್ಜ್, ಡಿ ಸೋಟೊ, ಫಾರ್ಗೊ ಎಂಬ ಮೂರು ಹೆಸರು. ಮೂತಿಯ ಮೇಲಿನ ಲಾಂಛನ ಬೇರೆ, ಒಳಗಿನ ಯಂತ್ರ ಒಂದೇ.

1951ರಲ್ಲಿ ಇಟಲಿಯ ಫಿಯೆಟ್ ಕಂಪನಿಯ ಸಣ್ಣ ಕಾರು ಬಂದಿತು. ಫಿಯೆಟ್ 500 ಎಂಬ ಅದನ್ನು ಇಟಲಿಯ ಜನ ಮುದ್ದಿನಿಂದ ಟೊಪೊಲಿನೊ, ಎಂದರೆ ಪುಟ್ಟ ಇಲಿ, ಎಂದು ಕರೆಯುತ್ತಿದ್ದರು. ಅದೇ ಗಾಡಿ ಫ್ರಾನ್ಸಿನಲ್ಲಿ ಸಿಮ್ಕಾ ಎಂಬ ಹೆಸರಿನಲ್ಲಿ ಓಡಿತ್ತು. 1954ರಲ್ಲಿ ಫಿಯೆಟ್ 1100 ಬಂತು. ಮೊದಲು ಮಿಲೆಚೆಂತೊ, ಎಂದರೆ ಇಟಲಿಯ ಭಾಷೆಯಲ್ಲಿ ಸಾವಿರದ ನೂರು, ಬಳಿಕ ಸೆಲೆಕ್ಟ್, ಸೂಪರ್ ಸೆಲೆಕ್ಟ್, 1964ರಲ್ಲಿ ಡಿಲೈಟ್. 1089 ಘನ ಸೆಂಟಿಮೀಟರಿನ ಎಂಜಿನು, ಸ್ಟಿಯರಿಂಗಿನ ಬದಿಗೇ ಗೇರು, ಮುಂದೆ ಮೂವರು ಒತ್ತಿಕೊಂಡು ಕೂರಬಹುದಾದ ಉದ್ದನೆಯ ಸೀಟು: ನಮ್ಮ ಕಡೆಯವರ ಮನಸ್ಸಿನಲ್ಲಿ ಕಾರು ಎಂದರೆ ಇದೇ ರೂಪ.

ಇಲ್ಲೊಂದು ಸೂಕ್ಷ್ಮವಿದೆ. ಕಲ್ಕತ್ತೆಯ ಹಿಂದೂಸ್ಥಾನ್ ಮೋಟಾರ್ಸಿನವರು ಇಂಗ್ಲೆಂಡಿನ ಮಾರಿಸ್ ಕಾರಿಗೆ ಮೊದಲೇ ಹಿಂದೂಸ್ಥಾನ್ 10 ಎಂದು ನಾಮಕರಣ ಮಾಡಿ, ತಯಾರಿಕೆಯನ್ನು ಆಮೇಲೆ ಬೆಳೆಸಿದರು. ಕುರ್ಲಾದವರು ಪರರ ಹೆಸರನ್ನು ಹೊತ್ತುಕೊಂಡೇ ಬಿಡಿಭಾಗಗಳನ್ನು ಒಂದೊಂದಾಗಿ ಇಲ್ಲಿಯೇ ಮಾಡಲು ಕಲಿತರು. 1953ರ ಸುಂಕ ಆಯೋಗದ ವರದಿಯ ನಂತರ ಸರ್ಕಾರ ಬರಿಯ ಜೋಡಣೆಗೆ ಅವಕಾಶವಿಲ್ಲವೆಂದು ನಿರ್ಧರಿಸಿದಾಗ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಗಂಟುಮೂಟೆ ಕಟ್ಟಿದವು, ಕುರ್ಲಾ ಉಳಿಯಿತು. ಎರಡನೆಯ ಹಾದಿಯೇ ವಿಶ್ವೇಶ್ವರಯ್ಯನವರ ಮನೋಧರ್ಮಕ್ಕೆ ಹತ್ತಿರವಾದುದೆಂದು ನನಗೆ ತೋರುತ್ತದೆ.

1955ರಲ್ಲಿ ಅವರಿಗೆ ಭಾರತರತ್ನ ಸಂದಿತು; 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ಗತಿಸಿದರು. ಆಗಲೂ ಆ ಕಾರಿನ ಮೂತಿಯ ಮೇಲೆ ಇಟಲಿಯ ಲಾಂಛನವೇ ಇತ್ತು. 1972ರಲ್ಲಿ ಫಿಯೆಟ್ ಒಪ್ಪಂದ ಮುಗಿದ ಬಳಿಕ ಅದು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು. 1974ರಲ್ಲಿ ಚಿತ್ತೂರಿನ ರಾಣಿಯ ಹೆಸರು ಪಡೆದು ಪ್ರೀಮಿಯರ್ ಪದ್ಮಿನಿ. ಹೆಸರು ದೇಶೀಯವಾಯಿತು, ಆದರೆ ಅಲ್ಲಿಂದಾಚೆ ಗಾಡಿ ಬೆಳೆಯಲಿಲ್ಲ. ಕೊಳ್ಳುವವರು ವರ್ಷಗಟ್ಟಲೆ ಕಾದು ನಿಲ್ಲುತ್ತಿದ್ದಾಗ ಉತ್ತಮಪಡಿಸುವ ಗೊಡವೆ ಯಾರಿಗೆ? ಕೆಲಸದಲ್ಲಿ ಸಡಿಲವನ್ನು ಸಹಿಸದ ಆ ವೃದ್ಧರು ಬದುಕಿದ್ದರೆ ಈ ಭಾಗವನ್ನು ಮೆಚ್ಚುತ್ತಿರಲಿಲ್ಲ.

ನಮ್ಮ ಸೀಮೆಯವರಂತೂ ಈ ನಾಮಕರಣಗಳನ್ನು ಲೆಕ್ಕಕ್ಕಿಡಲೇ ಇಲ್ಲ. ಹಳೆಯ ದಾಖಲೆಗಳ ಮದ್ದಗಿರಿ ಎಂದೋ ಮಧುಗಿರಿಯಾದರೂ ಹಿರಿಯರ ನಾಲಗೆಯಲ್ಲಿ ಮದ್ದಗಿರಿಯೇ ಉಳಿದಂತೆ, ಪದ್ಮಿನಿ ಎಂದು ಹಿತ್ತಾಳೆಯಲ್ಲಿ ಕೆತ್ತಿ ಕೊಟ್ಟಿದ್ದರೂ ಅವರು ಫಿಯೆಟ್ ಎಂದೇ ಅಂದರು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದರ ತಯಾರಿಕೆ ನಿಂತಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿಗಳೂ ಮರೆಯಾದವು.