ಹಳೇ ಮಳೆಯ ಹಸಿ ಎಷ್ಟು ದಿನ?

ಮೋರಟಗಿ, ಸಿಂದಗಿ, ಇಂಡಿ ಕಡೆಯಿಂದ ಓದಿಗೆ, ಕೆಲಸಕ್ಕೆ ನಗರ ಸೇರಿದವರು ನಮ್ಮ ನಡುವೆ ಇದ್ದೀರಿ. ನಿಮಗೆ ಗೊತ್ತು, ಎರೆಹೊಲದಲ್ಲಿ ಹಿಂಗಾರಿ ಜೋಳ ಬಹುಪಾಲು ನೆಲದಲ್ಲಿ ಉಳಿದ ಹಸಿಯ ಮೇಲೆಯೇ ಬೆಳೆಯುತ್ತೆ. ಮಳೆ ಚೆನ್ನಾಗಿ ಆಗಿತ್ತು ಅಂತ ರೈತ ಮಲಗಲ್ಲ, ಎಡೆ ಹೊಡೀತಾನೆ. ಇಲ್ಲದಿದ್ರೆ ನೆಲ ಬಿರಿದು ಇದ್ದ ಹಸಿಯೂ ಆರಿಹೋಗುತ್ತೆ. ಎಂದೋ ಒಂದು ಕೂಟದಲ್ಲಿ ಸಿಕ್ಕ ಅಭಿಷೇಕದ ಹಸಿಯಲ್ಲೇ ನಾವು ಎಷ್ಟು ವರ್ಷ ಬದುಕೋದು?

ಇವತ್ತು ನಾನು ಒಬ್ಬ ದೇವಸೇವಕರ ಜೀವನ ಹೇಳ್ತೀನಿ. ಫರ್ಡಿನಾಂಡ್ ಕಿಟೆಲ್. ಬೆಂಗಳೂರಿನ ಮೇಯೊ ಹಾಲ್ ಹತ್ತಿರ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ.

ಅವರು 1832ರಲ್ಲಿ ಜರ್ಮನಿಯ ಉತ್ತರ ಭಾಗದಲ್ಲಿ ಹುಟ್ಟಿದರು. ತಂದೆ ಸಭಾಪಾಲಕರು. ಅಪ್ಪನ ಭಕ್ತಿಯೇ ನನಗೂ ಸಾಕು ಅಂತ ಮನೆಯಲ್ಲೇ ಇರಬಹುದಿತ್ತು. ಇರಲಿಲ್ಲ. ಬಾಸೆಲ್ ಮಿಷನ್ ಸೇರಿ 1853ರಲ್ಲಿ, 21ನೇ ವಯಸ್ಸಿಗೆ, ನಮ್ಮ ನಾಡಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಸೇವೆ ಮಾಡಿದರು. ಒಂಬತ್ತೇ ವರ್ಷದಲ್ಲಿ, 1862ಕ್ಕೆ, ಯೇಸುವಿನ ಜೀವನವನ್ನು ಕನ್ನಡ ಪದ್ಯದಲ್ಲೇ ಬರೆದರು. ಅದೇ ‘ಕಥಾಮಾಲೆ’.

1864ರಲ್ಲಿ ಹೆಂಡತಿ ಪೌಲಿನ್ ತೀರಿಕೊಂಡರು. ಮದುವೆಯಾಗಿ ನಾಲ್ಕೇ ವರ್ಷ. ಯೋಚನೆ ಮಾಡಿ, ಅಂಥ ದುಃಖದಲ್ಲಿ ಪ್ರಾರ್ಥನೆಯೂ ಬೇಡ, ಸೇವೆಯೂ ಬೇಡ ಅನ್ನಿಸೋದು ಸಹಜ. ಆದರೆ ಅವರು ಕರೆಯನ್ನು ಬಿಡಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಹಳೇ ಗ್ರಂಥಗಳಿಂದ, ಜನರ ಮಾತಿಂದ, ಗಾದೆಗಳಿಂದ ಪದ ಕೂಡಿಸುತ್ತಾ ಹೋದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಕರ್ತನ ಸುವಾರ್ತೆಗಾಗಿ ಬಂದವರು, ಆ ಸುವಾರ್ತೆ ಕೇಳಬೇಕಾದ ಜನರ ಭಾಷೆಯ ಒಂದು ಪದವನ್ನೂ ಹಗುರಾಗಿ ನೋಡಲಿಲ್ಲ.

1896ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆಗ ವಯಸ್ಸು 64. ಇನ್ನಾದರೂ ಸಾಕು ಅಂತ ಕೂರಬಹುದಿತ್ತು, ಯಾರೂ ತಪ್ಪು ಹೇಳ್ತಿರಲಿಲ್ಲ. ಅವರು ಕೂತದ್ದು ವ್ಯಾಕರಣ ಬರೆಯೋದಕ್ಕೆ. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಪ್ರಿಯರೇ, ಕಿಟೆಲ್ ಪೆಂತೆಕೋಸ್ತ್ ಸಭೆಯವರಲ್ಲ. ಅಜೂಸಾ ಬೀದಿಯ ಉಜ್ಜೀವನ ಶುರುವಾದದ್ದು 1906ರಲ್ಲಿ, ಅವರು ಹೋಗಿ ಎರಡು ವರ್ಷ ದಾಟಿದ ಮೇಲೆ. ನಾವು ಅವರಿಗಿಂತ ಗಟ್ಟಿಯಾಗಿ ಆರಾಧಿಸ್ತೀವಿ, ಸರಿ. ಆದರೆ ಭಾನುವಾರದ ಬೆಂಕಿ ಸೋಮವಾರ ಮೆಟ್ರೋ ಹತ್ತುವಾಗ ಎಲ್ಲಿರುತ್ತೆ? ಮೊಬೈಲಲ್ಲಿ ಬೈಬಲ್ ಆ್ಯಪ್ ಇದೆ, ತೆರೆದು ಎಷ್ಟು ದಿನ ಆಯಿತು?

ಪ್ರಕಟಣೆ 3ನೇ ಅಧ್ಯಾಯ ನೋಡಿ. ಲವೊದಿಕೀಯ ಸಭೆಯ ಮೇಲೆ ಕರ್ತನು ಕಳ್ಳತನದ, ವ್ಯಭಿಚಾರದ ದೂರು ಹೇಳಲಿಲ್ಲ. ತಮಗೆ ಏನೂ ಕೊರತೆಯಿಲ್ಲ ಅಂದುಕೊಂಡು ಉಗುರುಬೆಚ್ಚಗಾಗಿದ್ದರು, ಅದೇ ದೂರು. ಸೈತಾನನು ನಿಮ್ಮನ್ನು ದೊಡ್ಡ ಪಾಪಕ್ಕೇ ಎಳೀಬೇಕಾಗಿಲ್ಲ, ‘ಸಾಕು’ ಅನ್ನೋ ಒಂದು ಮಾತು ಹೃದಯದಲ್ಲಿ ಬಿತ್ತಿದರೆ ಆಯಿತು.

ದುಡಿಮೆಯಿಂದ ರಕ್ಷಣೆ ಅಂತ ನಾನು ಹೇಳ್ತಿಲ್ಲ, ರಕ್ಷಣೆ ಕೃಪೆಯಿಂದಲೇ. ಆದರೆ ಕೃಪೆ ಹೊಂದಿದವನು ನಿದ್ದೆ ಮಾಡಬಾರದು. ನಾಳೆ ಬೆಳಗ್ಗೆ ಮೆಸೇಜ್ ನೋಡೋ ಮುಂಚೆ ಒಂದು ಅಧ್ಯಾಯ ಓದಿ. ಹಾಸ್ಟೆಲಲ್ಲೋ ಆಫೀಸಲ್ಲೋ ಒಬ್ಬರ ಹೆಸರು ಹಿಡಿದು ದಿನಾ ಪ್ರಾರ್ಥಿಸಿ. 70,000 ಪದಗಳೂ ಒಂದೇ ದಿನ ಕೂಡಲಿಲ್ಲ.

ತಲೆ ಬಾಗಿಸಿ. ಕರ್ತನೇ, ‘ಸಾಕು’ ಅಂದ ನಮ್ಮ ಹೃದಯವನ್ನು ಎಬ್ಬಿಸು. ಯೇಸುವಿನ ನಾಮದಲ್ಲಿ, ಆಮೆನ್.